ಗುಂಡಿಯಿಲ್ಲದ ಕಿವಿ

ನನ್ನ ಅಕ್ಕನ ಗಂಡನಿಗೆ ಬೀದಿಯವರು ಇಟ್ಟ ಹೆಸರು ಪೆಟ್ಟಿಗೆ ಮೇಸ್ತ್ರಿ. ತಗಡಿನ ಟ್ರಂಕು, ಡಬ್ಬ, ನೀರಿನ ತೊಟ್ಟಿ ಮಾಡುವುದು ಅವನ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೆಳಗಾದರೆ ಅಲ್ಲಿ ಸುತ್ತಿಗೆ ಬೀಳಲು ಶುರುವಾಗಿ ದೀಪ ಹಚ್ಚುವವರೆಗೂ ಬೀಳುತ್ತಲೇ ಇರುತ್ತಿತ್ತು. ಆ ಸದ್ದಿನ ಬೆನ್ನಿಗಿರುವ ಹಿಂದಿನ ಕೋಣೆಯಲ್ಲಿ ನನ್ನ ಅಕ್ಕ ಸಂಸಾರ ಮಾಡಿದಳು. ತಗಡು ಬಡಿದೂ ಬಡಿದೂ ಮುಪ್ಪು ಬರುವ ಹೊತ್ತಿಗೆ ಭಾವನ ಎರಡು ಕಿವಿಗಳೂ ಕೈಕೊಟ್ಟವು. ಬಾಯಿ ಮಾತ್ರ ಇವತ್ತು ಅಂಗಡಿಯಿಂದ ತಂದಂತೆ ಹೊಸದಾಗಿಯೇ ಇತ್ತು.

ಅವನಿಗೆ ಅಭಿಪ್ರಾಯವಿಲ್ಲದ ಸಾಮಾನು ಲೋಕದಲ್ಲೇ ಇರಲಿಲ್ಲ. ಪ್ಲಾಸ್ಟಿಕ್ ಬಕೆಟ್ಟೆಂದರೆ ಬಣ್ಣ ಬಳಿದ ಸುಳ್ಳು. ಗ್ಯಾರಂಟಿ ಚೀಟಿ ಕೊಡುವವನು ತನ್ನ ಮಾಲು ಕೆಡುತ್ತದೆ ಎಂದು ಮೊದಲೇ ಒಪ್ಪಿಕೊಂಡವನು. ಅಕ್ಕ ಒಂದು ಮಿಕ್ಸಿ ಬೇಕೆಂದು ಬಾಯಿಬಿಟ್ಟು ಕೇಳಿದಾಗ, "ಬೇಡ, ಮನೇಲಿ ಗದ್ದಲ" ಅಂದ. ಅಂದದ್ದು ಸುತ್ತಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ. ಅಕ್ಕ ಮೊಣಕೈ ಸವೆಯುವವರೆಗೂ ಕಲ್ಲಿನಲ್ಲಿ ರುಬ್ಬಿದಳು.

ಮೊಬೈಲಿನ ವಿಷಯಕ್ಕೆ ಬಂದರಂತೂ ಅವನನ್ನು ಹಿಡಿಯುವವರೇ ಇಲ್ಲ. ಮಗ ಫೋನಿಗೆ ಬೀಗ ಹಾಕಿ ಜೇಬಿಗಿಟ್ಟುಕೊಂಡರೆ ಕೆಣಕುತ್ತಿದ್ದ.

"ಬೀಗ ಹಾಕಿದೆಯಾ ರಾಜಕುಮಾರ? ಒಂದು ಕೀಲಿ ನಿನ್ನ ಹತ್ರ. ಇನ್ನೊಂದು ಯಾರ ಹತ್ರ? ಅದನ್ನ ಮಾಡಿದವನ ಹತ್ರ! ನಾನು ಪೆಟ್ಟಿಗೆ ಮಾರಿದ್ರೆ ಎರಡು ಕೀಲೀನೂ ಕೊಟ್ಟು ಕಳಿಸ್ತೀನಿ ಕಣೋ. ದುಡ್ಡು ಎಣಿಸಿ ತಂದ ವಸ್ತು ನನ್ನ ಮಾತು ಕೇಳ್ಬೇಕು. ಇದು ನನ್ನ ಮಾತು ಕೇಳಿಸ್ಕೊಂಡು ಊರಿಗೆಲ್ಲ ಹೇಳುತ್ತೆ."

ಈ ಒಂದು ಮಾತಿನಲ್ಲಿ ನಾನು ಇವತ್ತಿಗೂ ಅವನ ಕಡೆಯವನೇ. ಆದರೆ ಸರಿಯಾದ ಮಾತಾಡುವವನು ಸರಿಯಾಗಿ ನಡೆದುಕೊಳ್ಳುತ್ತಾನೆಂದು ಯಾರು ಹೇಳಿದರು?

ಕಿವಿಗೆ ಯಂತ್ರ ಹಾಕಿಸೋಣವೆಂದು ಹೊರಡಿಸಿದವಳು ಸೊಸೆ. ಔಷಧಿ ಅಂಗಡಿಯೊಂದರ ಗಲ್ಲಾದಲ್ಲಿ ಕೂರುವ ಹುಡುಗಿ. ದಿನವಿಡೀ ಗಿರಾಕಿಗಳ ಜೊತೆ ಮಾತಾಡಿ ಸಂಜೆ ಮನೆಯಲ್ಲಿ ಮಾವನ ಹತ್ತಿರ ಕಿರುಚುವಷ್ಟು ಗಂಟಲು ಅವಳಿಗೆ ಉಳಿಯುತ್ತಿರಲಿಲ್ಲ. ನಾನೂ ಜೊತೆಗೆ ಹೋದೆ. ಯಂತ್ರ ಮಾರುವವನು ಎರಡು ಬಗೆ ತೆಗೆದಿಟ್ಟ. ಒಂದು ಕಿವಿಯ ಹಿಂದೆ ಕೂರುವಂಥದ್ದು. ಅದಕ್ಕೆ ಜೋರು, ಕಮ್ಮಿ ಮಾಡುವ ಗುಂಡಿ ಇತ್ತು. ಇನ್ನೊಂದು ಹುಣಸೆಬೀಜದಷ್ಟು, ಕಿವಿಯೊಳಗೇ ಸೇರಿಬಿಡುತ್ತಿತ್ತು.

ಭಾವ ಮೊದಲನೆಯದನ್ನು ಬೆರಳಿನಿಂದ ಆಚೆ ತಳ್ಳಿದ. "ಇದನ್ನ ಸಿಗಿಸ್ಕೊಂಡು ಬೀದಿಗೆ ಇಳಿದ್ರೆ ಕಿವುಡ ಬಂದ ಅಂತ ತಮಟೆ ಹೊಡೆದ ಹಾಗೆ. ಚಿಕ್ಕದು ಕೊಡಯ್ಯ."

"ಚಿಕ್ಕದಕ್ಕೆ ಗುಂಡಿ ಇಲ್ಲ ಯಜಮಾನ್ರೇ. ಎಲ್ಲಾ ಫೋನಲ್ಲೇ ಮಾಡ್ಕೋಬೇಕು. ನಿಮ್ಮ ಫೋನ್ ಕೊಡಿ, ಜೋಡಿಸ್ತೀನಿ."

ಭಾವ ತನ್ನ ಗುಂಡಿ ಒತ್ತುವ ಹಳೆಯ ಫೋನು ತೆಗೆದು ಮೇಜಿನ ಮೇಲಿಟ್ಟ. ಮಾರುವವನು ನಗು ನುಂಗಿಕೊಂಡ. ಸೊಸೆ ತನ್ನ ಫೋನು ಮುಂದೆ ಚಾಚಿದಳು.

"ಭಾವ," ಎಂದು ನಾನು ಅವನ ಕಿವಿಯ ಹತ್ತಿರ ಕೂಗಿದೆ, "ಕೀಲಿ ಇನ್ನೊಬ್ಬರ ಕೈಗೆ ಹೋಗ್ತಿದೆ, ನೋಡ್ಕೊಳ್ಳಿ."

"ಸೊಸೆ ಏನು ಹೊರಗಿನವಳೇನೋ?" ಅಂದ.

ಮೊದಮೊದಲು ಭಾವನ ಸಂಭ್ರಮ ನೋಡಲಾಗುತ್ತಿರಲಿಲ್ಲ. ಪಾತ್ರೆ ಅಂಗಡಿಗೆ ನುಗ್ಗಿ ಕೊಡಗಳನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, "ತೆಳ್ಳಗಿದೆ, ಮೋಸ" ಎಂದು ಗಿರಾಕಿಗಳ ಎದುರಿಗೇ ಸಾರಿ ಬಂದ. ಮನೆಯಲ್ಲಿ ಬಿಟ್ಟೂ ಬಿಡದೆ ಮಾತಾಡಿದ. ಹಿಂದೆ ತನ್ನ ಮಾತು ತನಗೇ ಕೇಳುತ್ತಿರಲಿಲ್ಲ. ಈಗ ಕೇಳುತ್ತಿತ್ತು, ರುಚಿಯೂ ಹತ್ತಿತ್ತು.

ಆಮೇಲೆ ಕಿವಿ ಬಂದು ಹೋಗಲು ಶುರುವಾಯಿತು. ಮಾತಿನ ನಡುವೆ ಇದ್ದಕ್ಕಿದ್ದಂತೆ ಎಲ್ಲ ಬಂದ್. ಕಿವಿಗೆ ಬೆಣೆ ಬಡಿದಂತೆ. ಯಂತ್ರ ತೆಗೆಯುತ್ತಿದ್ದ, ಉಫ್ ಎಂದು ಊದುತ್ತಿದ್ದ, ಅಂಗಿಯ ಚುಂಗಿಗೆ ಒರೆಸಿ ಮತ್ತೆ ತುರುಕುತ್ತಿದ್ದ. ಸ್ವಲ್ಪ ಹೊತ್ತಿಗೆ ತಾನೇ ಬರುತ್ತಿತ್ತು. ಮಾರಿದವನ ಹತ್ತಿರ ಒಯ್ದರೆ, "ಯಂತ್ರ ಚಿನ್ನದ ಹಾಗಿದೆ" ಅಂದ.

ಯಂತ್ರ ಚೆನ್ನಾಗಿದ್ದರೆ ಕೆಟ್ಟದ್ದು ಯಾವುದು? ಭಾವ ಅದನ್ನೇ ತಲೆಗೆ ಹಚ್ಚಿಕೊಂಡ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ನನ್ನ ರಟ್ಟೆ ಹಿಡಿದು, "ಕೆಟ್ಟಿರೋದು ಕಿವಿಯಲ್ಲ ಕಣೋ, ತಲೆ. ಒಳಗೇ ಎಲ್ಲೋ ಎಳೆ ಬಿಟ್ಟಿದೆ. ಯಾರಿಗೂ ಹೇಳ್ಬೇಡ" ಅಂದ. ಟ್ರಂಕು ಕೇಳಲು ಬಂದವರನ್ನು ವಾಪಸು ಕಳಿಸತೊಡಗಿದ. ಬುದ್ಧಿ ಹೋಗುತ್ತಿದೆಯೆಂದು ನಂಬಿದವನು ತಗಡಿನ ಮೇಲೆ ಗೆರೆ ಎಳೆಯಲು ಹೆದರುತ್ತಾನೆ.

ಗುಟ್ಟು ನನಗೆ ಗೊತ್ತಾದದ್ದು ಊಟಕ್ಕೆ ಕೂತಾಗ. ಭಾವ ನೀರು ಸೋಸುವ ಯಂತ್ರದವರನ್ನು ಜಾಡಿಸುತ್ತಿದ್ದ. ಅಕ್ಕ ಸೊಸೆಯ ಕಡೆ ನೋಡಿ, ಒಲೆಯ ಉರಿ ತಗ್ಗಿಸಲು ಹೇಳುವಂತೆ ಅಂಗೈಯನ್ನು ಕೆಳಕ್ಕೆ ಒತ್ತಿದಳು. ತುಟಿ ಅಲ್ಲಾಡಿತು. ಸೊಸೆಯ ಹೆಬ್ಬೆರಳು ಫೋನಿನ ಮೇಲೆ ಜಾರಿತು. ಭಾವನ ಮಾತು ಅರ್ಧಕ್ಕೆ ನಿಂತಿತು. ಮಗ ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದ, ಅವನಿಗೂ ಗೊತ್ತಿತ್ತು.

ಅಡುಗೆಮನೆಯಲ್ಲಿ ಅಕ್ಕನನ್ನು ಹಿಡಿದೆ. "ಏನಕ್ಕ ಇದು?"

"ಏನು? ರೇಡಿಯೋ ಕಮ್ಮಿ ಮಾಡಿದ್ವಿ."

ಸೊಸೆ ನಡುವೆ ಬಂದಳು. "ಮೊದಲು ಅವರಿಗೇ ಒಳ್ಳೇದಾಗ್ಲಿ ಅಂತ ಕಮ್ಮಿ ಮಾಡ್ತಿದ್ದೆ, ಬೀದೀಲಿ ಗಲಾಟೆ ಜಾಸ್ತಿ ಅಂತ. ಆಮೇಲೆ ಅತ್ತೆ ಕೇಳೋಕೆ ಶುರು ಮಾಡಿದ್ರು. ಇಲ್ಲ ಅನ್ನಕ್ಕಾಗುತ್ತಾ?"

"ತಲೆ ಕೆಡ್ತಿದೆ ಅಂತ ಅಂದ್ಕೊಂಡಿದಾರೆ ಅಕ್ಕ ಅವರು!"

"ಅಂದ್ಕೊಳ್ಳಲಿ. ಮದುವೆಯಾದಾಗಿಂದ ನನಗೆ ತಲೆ ಇಲ್ಲ ಅಂತ ಅವರೇ ಹೇಳ್ಕೊಂಡು ಬಂದಿಲ್ವಾ? ಇಲ್ದೇ ಬದುಕೋದು ಕಷ್ಟವೇನಲ್ಲ, ಅಭ್ಯಾಸ ಆಗುತ್ತೆ."

ಈಗಲೇ ಹೇಳಿಬಿಡುತ್ತೇನೆಂದು ಅಂಗಡಿಗೆ ಬಂದರೆ ಭಾವನೇ ಬಾಗಿಲು ಮುಂದೆ ಮಾಡಿದ. ಮುಖದಲ್ಲಿ ಭಯವಿರಲಿಲ್ಲ.

"ನೋಡಿದೆ ಕಣೋ. ಇವತ್ತು ನೋಡಿದೆ. ಅವಳ ತುಟಿ 'ಕಮ್ಮಿ ಮಾಡು' ಅಂತು."

ಯಂತ್ರ ಬರುವ ಮುಂಚೆ, ಕಿವುಡನಾಗಿದ್ದ ಆ ವರ್ಷಗಳಲ್ಲಿ, ಭಾವ ತುಟಿ ಓದಲು ಕಲಿತಿದ್ದ. ಯಾರೂ ಕಲಿಸಿದ್ದಲ್ಲ. ಗಿರಾಕಿ ಅಳತೆ ಹೇಳುವಾಗ ಬಾಯಿ ನೋಡೀ ನೋಡೀ ಬಂದದ್ದು. ಈ ವಿದ್ಯೆಯನ್ನು ನನಗೊಬ್ಬನಿಗೇ ಹೇಳಿಕೊಂಡಿದ್ದ. ಕಿವುಡ ಎನ್ನಿಸಿಕೊಂಡು ಎಲ್ಲ ತಿಳಿಯುವುದರಲ್ಲಿ ಅವನಿಗೊಂದು ಮಜಾ ಇತ್ತು.

"ಮತ್ತೆ ಅಲ್ಲೇ ಯಾಕೆ ಕೇಳ್ಲಿಲ್ಲ?" ಅಂದೆ.

"ಕೇಳಿದ್ರೆ ಹುಷಾರಾಗ್ತಾರೆ. ನನ್ನ ಕಿವಿ ಮುಚ್ಚಿ ಇವರು ಏನೇನು ಮಾತಾಡ್ತಾರೋ ಎಲ್ಲಾ ನೋಡ್ಬೇಕು. ಆಮೇಲೆ ಒಂದೇ ಏಟು."

ಫೋನು ಕದ್ದು ಕೇಳುತ್ತದೆಂದು ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ ಅಂದಿನಿಂದ ತನ್ನ ಮನೆಯಲ್ಲೇ ಕದ್ದು ನೋಡಲು ಕೂತ. ಸದ್ದು ಹೋದಾಗಲೆಲ್ಲ ಬೇಕೆಂದೇ ಪೆಚ್ಚುಮೋರೆ ಹಾಕುತ್ತಿದ್ದ. ಆಮೇಲೆ ನನ್ನ ಹತ್ತಿರ ಬಂದು ವರದಿ ಒಪ್ಪಿಸುತ್ತಿದ್ದ: ಸೊಸೆ ತನ್ನನ್ನು ಡಬ್ಬ ಅಂದದ್ದು, ಮಗ ನಕ್ಕದ್ದು. ಹೇಳುವಾಗ ಕಣ್ಣು ಹೊಳೆಯುತ್ತಿದ್ದವು.

ಮುಂದಿನ ರಜೆಯ ದಿನ ನನಗೂ ಅಲ್ಲೇ ಊಟ. ಮಗ ಹೊರಗೆ ಹೋಗಿದ್ದ. ಅಕ್ಕ ಬಡಿಸಿ ಮುಗಿಸಿ, ಯಾವತ್ತೂ ಇಲ್ಲದ್ದು, ಭಾವನ ಎದುರಿಗೇ ಬಂದು ಕೂತಳು. ಅಂಗೈ ಕೆಳಕ್ಕೆ ಒತ್ತಿದಳು. ಸೊಸೆ ಕಮ್ಮಿ ಮಾಡಿದಳು. ಭಾವ ತಟ್ಟೆಯ ಮೇಲೆ ಬಗ್ಗಿ ರೆಪ್ಪೆಯಡಿಯಿಂದ ಕಣ್ಣು ಮೇಲೆತ್ತಿದ.

"ನಿಂಗೆ ಗೊತ್ತೇನಮ್ಮ," ಎಂದು ಅಕ್ಕ ಸೊಸೆಗೆ ಹೇಳಿದಳು, ಮುಖ ಮಾತ್ರ ನೇರ ಮುಂದಕ್ಕಿತ್ತು. "ನಿನ್ನ ಗಂಡನಿಗಿಂತ ಮುಂಚೆ ನನಗೊಂದು ಹೆಣ್ಣು ಕೂಸಿತ್ತು. ಮಾತು ಬರೋಕೆ ಶುರುವಾಗಿತ್ತು. ಜ್ವರ ಏರಿ ಫಿಟ್ಸ್ ಬಂತು. ಮಡಿಲಲ್ಲಿ ಮಗು ಅದುರ್ತಾ ಇದೆ, ಎದ್ದು ಹೋಗೋಕಾಗ್ತಿಲ್ಲ. ಕೂಗಿದೆ. ಮುಂದಿನ ಕೋಣೇಲಿ ಸುತ್ತಿಗೆ. ಯಾವುದೋ ಹಾಸ್ಟೆಲ್ಲಿಗೆ ಟ್ರಂಕು. ಲೋಟ ತಗೊಂಡು ಬಾಗಿಲಿಗೆ ಎಸೆದೆ. ಅದೂ ತಗಡಿನ ಸದ್ದೇ ಅಲ್ವಾ, ಸದ್ದಲ್ಲಿ ಸದ್ದು ಸೇರ್ಕೊಂತು. ಸುತ್ತಿಗೆ ನಿಂತಾಗ ಮಗೂನೂ ನಿಂತಿತ್ತು. ಬಾಗಿಲಿಗೆ ಬಂದು 'ಟೀ ಎಲ್ಲಿ' ಅಂದ್ರು."

ಸೊಸೆಯ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೇ ಉಳಿಯಿತು. ಮಗು ನಿದ್ದೆಯಲ್ಲೇ ಹೋಯಿತೆಂದು ನನಗೂ ಹೇಳಿದ್ದರು.

"ನಿದ್ದೇಲಿ ಹೋಯ್ತು ಅಂತ ನಾನೇ ಎಲ್ಲರಿಗೂ ಹೇಳ್ದೆ. ನಿಜ ಹೇಳಿದ್ರೆ ಆಮೇಲೆ ಸುತ್ತಿಗೆ ಕೈಲಿ ನಿಲ್ತಿತ್ತಾ? ಹೊಟ್ಟೆಗೇನು ತಿಂತಿದ್ವಿ? ಮಾರನೇ ದಿನವೇ ಮತ್ತೆ ಬಡಿಯೋಕೆ ಕೂತ್ರು. ನಾನು ಕೇಳಿಸ್ಕೊಂಡೆ."

"ನನಗ್ಯಾಕೆ ಹೇಳ್ಲಿಲ್ಲ?" ಭಾವ ಅರಚಿದ. ತನ್ನ ದನಿ ತನಗೆ ಕೇಳದೆ ಅದು ಮನೆ ಹಾರಿಹೋಗುವಂತೆ ಬಂತು. ಸೊಸೆ ಬೆಚ್ಚಿ ಗೋಡೆಗೆ ಒರಗಿದಳು. ಅಕ್ಕ ಬೆಚ್ಚಲಿಲ್ಲ.

"ತುಟಿ ಓದ್ತೀರಿ ಅಂತ ನಂಗೆ ಯಾವಾಗ್ಲೋ ಗೊತ್ತು," ಅಂದಳು, ಒಂದೊಂದೇ ಮಾತನ್ನು ಬಿಡಿಸಿ.

"ಹಾಗಿದ್ರೆ ಕಿವಿ ಯಾಕೆ ಮುಚ್ಚಿಸ್ದೆ?"

"ಕಿವಿ ಬಿಟ್ಟಿದ್ರೆ ಮೊದಲನೇ ಮಾತಿಗೇ ಅಡ್ಡ ಬಾಯಿ ಹಾಕ್ತಿದ್ರಿ. ಕದ್ದು ನೋಡೋನು ಬಾಯಿ ಮುಚ್ಕೊಂಡು ಪೂರ್ತಿ ನೋಡ್ತಾನೆ. ಒಂದು ಸಲ ನನ್ನ ಮಾತು ಕೊನೇವರೆಗೂ ಆಡ್ಬೇಕಿತ್ತು, ಆಡ್ದೆ." ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. "ಜೋರು ಮಾಡಮ್ಮ. ಎಷ್ಟಿದೆಯೋ ಅಷ್ಟೂ ಜೋರು ಮಾಡು. ನನ್ನದು ಮುಗೀತು."

ಮುಗಿಯಿತೆಂದರೆ ಮುಗಿಯಿತು. ಆಮೇಲೆ ಅಕ್ಕ ಭಾವನ ಜೊತೆ ಮಾತಾಡಿಲ್ಲ. ಹೊತ್ತಿಗೆ ಸರಿಯಾಗಿ ಬಡಿಸುತ್ತಾಳೆ, ಅಂಗಿ ಒಗೆದು ಮಡಿಸಿಡುತ್ತಾಳೆ, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕುತ್ತಾಳೆ. ಮಾತಿಲ್ಲ. ಬೇರೆಯವರ ಜೊತೆ ಮಾತಾಡುವಾಗ ಭಾವ ಇದ್ದರೆ ಬೆನ್ನು ತಿರುಗಿಸುತ್ತಾಳೆ, ದನಿ ತಗ್ಗಿಸುತ್ತಾಳೆ. ತುಟಿಯೂ ಸಿಗುವುದಿಲ್ಲ.

ಭಾವ ತನ್ನ ಅಭಿಪ್ರಾಯಗಳನ್ನೆಲ್ಲ ನುಂಗಿಕೊಂಡು ಟಚ್ ಫೋನು ಕೊಂಡ. ಕಿವಿಯನ್ನು ಸೊಸೆಯ ಫೋನಿನಿಂದ ಬಿಡಿಸಿ ತನ್ನದಕ್ಕೆ ಜೋಡಿಸಿಕೊಂಡ. ಫೋನು ಅನುಮತಿ ಕೇಳಿದ್ದಕ್ಕೆಲ್ಲ, ಓದದೆ, ಹೂಂ ಎಂದು ಒತ್ತಿದ. ಈಗ ಅವನಿಗೆ ಎದುರು ಮನೆಯ ನಲ್ಲಿ ತೊಟ್ಟಿಕ್ಕುವುದೂ ಕೇಳುತ್ತದೆ.

ಮೊನ್ನೆ ಹೋದಾಗ ಅಂಗಡಿಯಲ್ಲಿ ಕೂತಿದ್ದ. ಒಳಗೆ ಅಕ್ಕ ಸೊಸೆಗೆ ಏನೋ ಹೇಳುತ್ತಿದ್ದಳು. ಭಾವ ಕುತ್ತಿಗೆ ಆ ಕಡೆ ಚಾಚಿ, ಫೋನಿನ ಗಾಜಿನ ಮೇಲೆ ಹೆಬ್ಬೆರಳನ್ನು ಮೇಲಕ್ಕೆ ಎಳೆದ, ಮತ್ತೆ ಎಳೆದ.

"ನೋಡೋ ಇಲ್ಲಿ. ಇನ್ನೂ ಮೇಲಕ್ಕೆ ಹೋಗಲ್ವಾ ಇದು?"

ಫೋನು ಇಸಿದುಕೊಂಡು ನೋಡಿದೆ. "ಇಲ್ಲ ಭಾವ, ತುದಿ ಮುಟ್ಟಿದೆ," ಅಂದೆ.