ಮೊದಲ ಬಸ್ಸು ಹೊರಟ ಮೇಲೆ

ನೆಂಟರಿಷ್ಟರಿಗೆಲ್ಲ ಅವರು ಡ್ರೈವರ್ ಮಾವ. ನೌಕರಿ ಇದ್ದಷ್ಟು ಕಾಲವೂ ಊರಿನ ಮೊದಲ ಬಸ್ಸು ಅವರದೇ. ಬೆಳಕು ಹರಿಯುವ ಮುಂಚೆ, ಹೆಂಡತಿಗೆ, ಅಂದರೆ ನೆಂಟರ ಪಾಲಿನ ಅತ್ತೆಗೆ, ಎಚ್ಚರವಾಗದ ಹಾಗೆ ಚಪ್ಪಲಿ ಕೈಯಲ್ಲಿ ಹಿಡಿದು ಹೊರಟುಬಿಡುತ್ತಿದ್ದರು. ಅತ್ತೆಗೆ ಎಚ್ಚರವಾಗದ ದಿನವೇ ಇರಲಿಲ್ಲ, ಆ ಮಾತು ಬೇರೆ.

ನಿವೃತ್ತಿಯಾದ ಮೇಲೆ ದೋಣಿಯ ಹುಚ್ಚು ಹಿಡಿಯಿತು. ಯಾರೋ ಮೂಲೆಗೆ ತಳ್ಳಿದ್ದ, ಕೆಳಗೆ ಮಲಗಲು ಪುಟ್ಟ ಕೋಣೆ, ಹಿಂದೆ ಚಿಕ್ಕ ಎಂಜಿನ್ನು ಇದ್ದ ಹಳೇ ಹಾಯಿದೋಣಿ ತಂದರು. ಅದನ್ನು ಉಜ್ಜಲು, ಬಣ್ಣ ಬಳಿಯಲು ಮತ್ತೆ ಅದೇ ಹೊತ್ತಿಗೆ ಏಳುವುದು. ಬಸ್ಸು ಹೋಗಿ ದೋಣಿ ಬಂತು, ಹಾಸಿಗೆಯ ಆ ಕಡೆ ಖಾಲಿ ಬೀಳುವುದು ಮಾತ್ರ ತಪ್ಪಲಿಲ್ಲ. ಕೊನೆಗೆ ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿದರು. "ಒಂದು ರಾತ್ರಿ ನಾನೂ ಬರ್ತೀನಿ. ಒಗ್ಗಿದ್ರೆ ಸರಿ, ಇಲ್ದಿದ್ರೆ ಅದನ್ನ ನಿಮ್ಮ ತಮ್ಮನಿಗೆ ಕೊಟ್ಬಿಡಬೇಕು." ಗಂಡನ ಬಸ್ಸಿನಲ್ಲೇ ನಿಂಬೆಹಣ್ಣು ಮೂಸುತ್ತ ಕೂರುತ್ತಿದ್ದ ಹೆಂಗಸು! ಮಾವ ಆಗಿನಿಂದಲೇ ಗಾಳಿ ಯಾವ ಕಡೆಯದೆಂದು ನೋಡತೊಡಗಿದರು.

ಅಂತೂ ಗಾಳಿ ಮರ್ಯಾದೆ ಉಳಿಸಿತು. ಸಂಜೆಗೆ ಪಕ್ಕದ ಊರಿನ ಎದುರು, ದಡದಿಂದ ಸ್ವಲ್ಪ ದೂರದಲ್ಲಿ ಲಂಗರು ಇಳಿಸಿದರು. ದೋಣಿ ಕಲಿಸಿದ ಮೇಷ್ಟ್ರ ಮಾತು ನೆನಪಿತ್ತು: ದಡದಲ್ಲಿ ಒಂದರ ಹಿಂದೆ ಒಂದಿರುವ ಎರಡು ಗುರುತು ನೋಡಿಟ್ಟುಕೊಳ್ಳಬೇಕು, ಅವು ಸಾಲು ತಪ್ಪಿದರೆ ದೋಣಿ ಜಾರುತ್ತಿದೆ ಎಂದರ್ಥ. ಹಿಂದೆ ಗಡಿಯಾರದ ಗೋಪುರ, ಅದರ ಮುಂದೆ ಸರಿಯಾಗಿ ಕೆಂಪು ಬಸ್ಸು. ಬಸ್ಸು ನಿಂತಿರುವಾಗ ಮಾವನ ಕಣ್ಣು ಇನ್ನೆಲ್ಲಿಗೆ ಹೋಗಬೇಕು?

ಅತ್ತೆ ಬ್ರೆಡ್ಡು, ಮೊಟ್ಟೆ ತಿಂದು ಮಲಗಿದರು. ಒಗ್ಗಿತೋ ಇಲ್ಲವೋ, ಮಾವನಿಗೆ ತಿಳಿಯಲಿಲ್ಲ.

ನಸುಕಿನಲ್ಲಿ ಮಾವ ಮೇಲೆ ಬಂದು ನೋಡಿದರೆ ಗೋಪುರವಿದೆ, ಬಸ್ಸಿಲ್ಲ! "ಕೆಟ್ಟೆ! ಲಂಗರು ಜಾರಿದೆ ಕಣೇ, ಏಳು ಏಳು!" ಎಂದು ಕೂಗುತ್ತ ಎಂಜಿನ್ನಿಗೆ ಕೈ ಹಾಕಿದರು. ದೋಣಿ ತಮ್ಮನ ಪಾಲಾದ ಹಾಗೇ ಎಂದುಕೊಂಡರು.

ಅತ್ತೆ ಹೊದಿಕೆ ಸುತ್ತಿಕೊಂಡೇ ಹತ್ತಿ ಬಂದರು. "ಏನನ್ನ ಗುರುತು ಇಟ್ಕೊಂಡಿದ್ರಿ?"

"ಸ್ಟ್ಯಾಂಡಲ್ಲಿ ನಿಂತಿತ್ತಲ್ಲ, ಆ ಕೆಂಪು ಬಸ್ಸು."

ಅತ್ತೆ ದಡ ನೋಡಿದರು, ಗಂಡನ ಮುಖ ನೋಡಿದರು. "ಅಯ್ಯೋ ರೀ, ಮೊದಲನೇ ಬಸ್ಸು ಹೊರಟಿದೆ, ಅಷ್ಟೆ!" ಎಂದವರು ಹೊಟ್ಟೆ ಹಿಡಿದುಕೊಂಡು ನಗುತ್ತ ಕೂತುಬಿಟ್ಟರು. ಮಾವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು, ಅಲ್ಲಿ ಭೂಮಿ ಎಲ್ಲಿದೆ! ಕಡೆಗೆ ಅವರೂ ನಕ್ಕರು.

ನಗು ನಿಂತ ಮೇಲೆ ಅತ್ತೆ ಹೊದಿಕೆಯ ಅರ್ಧವನ್ನು ಗಂಡನ ಹೆಗಲಿಗೆ ಹಾಕಿದರು. "ಮೊದಲನೇ ಬಸ್ಸು ಹೋದ್ಮೇಲೂ ನೀವು ನನ್ನ ಪಕ್ಕ ಇದ್ದೀರಿ. ಮದುವೆಯಾದಾಗಿಂದ ಇದೇ ಮೊದಲು ಕಣ್ರೀ."

ಮಾವ ಹೊದಿಕೆಯ ಅಂಚು ಎಳೆದುಕೊಳ್ಳುತ್ತ ಕೇಳಿದರು. "ಹಾಗಾದ್ರೆ... ದೋಣಿ?"

"ಮೂಸೋಕೆ ತಂದ ನಿಂಬೆಹಣ್ಣು ಚೀಲದಲ್ಲಿ ಹಾಗೇ ಇದೆ, ಟೀಗೆ ಹಿಂಡಿ ತನ್ನಿ" ಎಂದರು ಅತ್ತೆ. "ಮುಂದಿನ ಸಲ ಮಾತ್ರ ಕದಲದೇ ಇರೋದನ್ನ ಗುರುತು ಇಟ್ಕೊಳ್ಳಿ."