ವಿಕ್ರೋಳಿಯ ದಡ್ಡಿ ರೂಪಾಲಿ

ರೂಪಾಲಿಯನ್ನು ಮೊದಲು ದಡ್ಡಿ ಎಂದು ಕರೆದದ್ದು ಶಾಲೆಯ ಮಾಸ್ತರರಲ್ಲ, ಹೆತ್ತ ಅಪ್ಪ. ವಿಜಯಪುರದ ಕಡೆಯಿಂದ ಬಂದು ವಿಕ್ರೋಳಿಯಲ್ಲಿ ಫ್ಯಾಕ್ಟರಿ ಸೇರಿದ್ದ ಸಿದ್ದರಾಮಪ್ಪನಿಗೆ ಮಗಳು ಓದಿ ಆಫೀಸಿನಲ್ಲಿ ಕೂರಬೇಕೆಂಬ ಹಟ. ಶ್ರಾವಣದಲ್ಲಿ ಅವರಿದ್ದ ಚಾಳಿನ, ಅಂದರೆ ವಠಾರದ, ಕನ್ನಡದವರೆಲ್ಲ ಸೇರಿ ಪುರಾಣ ಓದಿಸುತ್ತಿದ್ದರು. ಮಕ್ಕಳೂ ಸರದಿಯಂತೆ ಓದಬೇಕು. ಅಕ್ಷರಗಳು ಕಣ್ಣೆದುರೇ ಕಲಸಿಹೋಗುವ ಹುಡುಗಿ ಪಾಪ, ಏನು ಮಾಡಬೇಕು? ಅಣ್ಣನಿಂದ ಓದಿಸಿ ಕೇಳಿ, ಬಾಯಿಪಾಠ ಮಾಡಿಕೊಂಡು ಹೋದಳು. ರಾಗವಾಗಿ ಹೇಳುತ್ತಲೇ ಹೋದಳು, ಪುಟ ತಿರುವುವುದನ್ನೇ ಮರೆತಳು! ನಗಲು ಇನ್ನೇನು ಬೇಕು ಜನಕ್ಕೆ?

"ದಡ್ಡಿ ಅಷ್ಟ ಅಲ್ಲ, ಕಳ್ಳಿ ಅದಾಳ!" ಎಂದು ಎಲ್ಲರೆದುರು ಸಿದ್ದರಾಮಪ್ಪ ಕಪಾಳಕ್ಕೆ ಬಾರಿಸಿದ. ಏಳನೆಯ ಇಯತ್ತೆಗೆ ಶಾಲೆಯನ್ನೂ ಬಿಡಿಸಿದ. ಮನೆಗೆ ಬಂದ ನೆಂಟರಿಗೆಲ್ಲ ಚಹಾದ ಜೊತೆ ಈ ಕಥೆ ಪುಕ್ಕಟೆ.

ರೂಪಾಲಿ ಮದುವೆಯಾಗಿ ಚೆಂಬೂರಿಗೆ ಬಂದಳು. ಮಗಳು ಸ್ನೇಹಲ್‌ಗೂ ಪುಸ್ತಕ ಕಂಡರೆ ಜ್ವರ. ಆದರೆ ಕಾಲ ಬದಲಾಗಿತ್ತು ನೋಡಿ, ಟೀಚರೇ ಡಾಕ್ಟರ ಬಳಿ ಕಳಿಸಿದರು. ಮೊಮ್ಮಗಳೆಂದರೆ ಜೀವ ಬಿಡುವ ಸಿದ್ದರಾಮಪ್ಪನೂ ಜೊತೆಗೆ ಹೊರಟ. ಇದು ಡಿಸ್ಲೆಕ್ಸಿಯಾ, ಅಕ್ಷರ ಗುರುತಿಸಿ ಓದಲು ಆಗುವ ತೊಂದರೆ ಅಷ್ಟೇ, ಬುದ್ಧಿಗೇನೂ ಕೊರತೆಯಿಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ ಎಂದು ಡಾಕ್ಟರಮ್ಮ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಎಷ್ಟೋ ಸಲ ಇದು ಮನೆತನದಲ್ಲೇ ಇರುತ್ತದೆ, ನಿಮ್ಮಲ್ಲಿ ಯಾರಿಗಾದರೂ ಹೀಗಿತ್ತೇ ಎಂದೂ ಕೇಳಿದರು.

ರೂಪಾಲಿ ಅಪ್ಪನ ಮುಖವನ್ನೇ ನೋಡಿದಳು. ಅಪ್ಪ ಒಂದೇ ಒಂದು ಸಲ ತನ್ನ ಕಡೆ ನೋಡಿದರೆ ಸಾಕು, ಹಳೆಯದನ್ನೆಲ್ಲ ಮರೆತುಬಿಡುತ್ತೇನೆ ಅಂದುಕೊಂಡಳು.

ನಮ್ಮಲ್ಲಿ ಯಾರಿಗೂ ಇಲ್ಲ ಎಂದುಬಿಟ್ಟ ಮುದುಕ, ಎದೆಯುಬ್ಬಿಸಿ.

ಹೊರಗೆ ಬಂದ ಮೇಲೆ ಮೊಮ್ಮಗಳ ತಲೆ ಸವರಿದ. "ಇದರಾಗ ನಿಂದೇನೂ ತಪ್ಪಿಲ್ಲವ್ವಾ. ಯಾರರ ದಡ್ಡಿ ಅಂದ್ರ ನನಗ ಹೇಳು, ಅವರನ್ನ ನೋಡ್ಕೋತೀನಿ."

ರೂಪಾಲಿಗೆ ತಡೆಯಲಾಗಲಿಲ್ಲ. "ಅಪ್ಪಾ, ಹಂಗಾರ ನಂದು?"

"ನಿಂದೇನು? ಆಕಿಗಿ ಡಾಕ್ಟರ ಹೇಳ್ಯಾರ. ನಿನಗ ಮೈಗಳ್ಳತನ ಇತ್ತು."

ಅಷ್ಟು ಹೇಳಿ ಅವನು ಆಟೋಕ್ಕೆ ಕೈ ಮಾಡಿದ. ಆ ಮಾತು ಕೇಳಿದವಳಿಗೆ ಅಪ್ಪನ ಮೇಲೆ ಸಿಟ್ಟು ಉಕ್ಕಬೇಕಿತ್ತು. ಹಾಳಾದ್ದು, ಉಕ್ಕಿದ್ದು ಹೆತ್ತ ಮಗಳ ಮೇಲಿನ ಹೊಟ್ಟೆಕಿಚ್ಚು. "ಮಮ್ಮಿ, ಚಲೋ ನಾ" ಎಂದು ಸ್ನೇಹಲ್ ನಗುತ್ತ ಕೈ ಚಾಚಿದಳು. ರೂಪಾಲಿ ಆ ಕೈ ಹಿಡಿಯಲಿಲ್ಲ.