ಅಲ್ಲಾಡಿಸಿ ನೋಡದ ವಿಮೆ

ಎಂಬತ್ತರ ದಶಕದ ಮಾತು. ಡಾಕ್ಟರ ಪರೀಕ್ಷೆಯೇ ಬೇಡದ ಹೊಸ ಆರೋಗ್ಯ ವಿಮೆಯನ್ನು ನಮ್ಮ ಸರ್ಕಾರಿ ಕಂಪನಿ ತಂದಿತ್ತು. ಅದನ್ನು ಮಾರಲು ಕಿಬ್ಬನಹಳ್ಳಿಯ ತೆಂಗಿನ ತೋಟಗಾರ ಸಿದ್ದಪ್ಪನವರ ಮನೆಗೆ ಹೋದೆ. ಅವರು ಅಟ್ಟದಿಂದ ಇಳಿಸಿದ ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಒಣಗಿ ಬಿಟ್ಟುಕೊಂಡ ಕೊಬ್ಬರಿ ಸದ್ದು ಮಾಡಿದರೆ ಮಾತ್ರ ಒಡೆಯಲು ಪಕ್ಕಕ್ಕಿಡುತ್ತಿದ್ದರು.

"ಸೈನ್ ಹಾಕಿದ್ರೆ ಸಾಕು ಯಜಮಾನ್ರೇ, ಪರೀಕ್ಷೆ ಇಲ್ಲ" ಅಂದೆ.

"ಕಾಯಿನೇ ನಾವು ಅಲ್ಲಾಡಿಸ್ದೆ ತಗಳಲ್ಲ. ನೀವು ಮನುಷ್ಯನ್ನ ಹಂಗೇ ತಗಂತೀರಾ? ನಿಮ್ ಕಂಪ್ನಿ ಉಳ್ಯಲ್ಲ ಬುಡ್ರೀ!"

ಮುಂದಿನ ವಾರ ಪರಿಚಯದ ಡಾಕ್ಟರನ್ನೇ ಕರೆದೊಯ್ದೆ. ಅವರು ಸಿದ್ದಪ್ಪನವರ ಎದೆಗೆ ಸ್ಟೆತಾಸ್ಕೋಪ್ ಇಟ್ಟರು.

"ಸದ್ದು ಬಂತಾ?" ಅಂತ ಸಿದ್ದಪ್ಪನವರೇ ಕೇಳಿದರು.

"ಚೆನ್ನಾಗೇ ಬಂತು" ಅಂದರು ಡಾಕ್ಟರು. ಊರೇ ಸಾಲು ನಿಂತು ಎದೆ ತೋರಿಸಿ ಸೈನ್ ಹಾಕಿತು.

ಹೊಸ ಸ್ಕೀಮು ಅಲ್ಲಿ ಇಷ್ಟು ಚೆನ್ನಾಗಿ ಓಡಿದ್ದು ಹೇಗೆಂದು ಹೆಡ್ಡಾಫೀಸಿನಿಂದ ಕಾಗದ ಬಂತು. ಹಳೇ ಡಾಕ್ಟರ ಪರೀಕ್ಷೆಯನ್ನೇ ಮಾಡಿಸಿ ಮಾರಿದೆ ಅಂತ ಬರೆಯೋ ಧೈರ್ಯ ನನಗೆ ಬರಲೇ ಇಲ್ಲ.